ಗಿಟಾರ್ ಇರುವಾಗ ಇದ್ಯಾಕೆ?

ನನ್ನ ಚಾಪ್‌ಮನ್ ಸ್ಟಿಕ್ ಅನ್ನುವ ತಂತಿವಾದ್ಯವನ್ನು ಕೈಗೆ ಕೊಟ್ಟರೆ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ತಂತಿಯನ್ನು ಮೀಟಿ ನೋಡುತ್ತಾರೆ. 'ಠಪ್' ಅಂತ ಸತ್ತ ಸದ್ದು ಬರುತ್ತದೆ, ಅಷ್ಟೇ. ಕೆಟ್ಟು ಹೋಗಿದೆಯಾ ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಆಗ ನಾನು ಫ್ರೆಟ್ (ತಂತಿಯ ಕೆಳಗಿನ ಅಡ್ಡಪಟ್ಟಿ) ಹತ್ತಿರ ಬೆರಳಿನ ತುದಿಯಿಂದ ತಟ್ಟಿ ಹಾಗೇ ಒತ್ತಿ ಹಿಡಿಯುತ್ತೇನೆ. ಸ್ವರ ಬರುತ್ತದೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ: "ಇದನ್ನ ಗಿಟಾರಲ್ಲೇ ನುಡಿಸಬಹುದಲ್ವಾ? ಇದ್ಯಾಕೆ ಬೇಕಿತ್ತು?"

ನೋಡದವರಿಗೆ ಒಂದು ಮಾತು. ಚಾಪ್‌ಮನ್ ಸ್ಟಿಕ್ ಅಂದರೆ ಹೊಟ್ಟೆಯಿಲ್ಲದ ಉದ್ದನೆಯ ಹಲಗೆ, ಅದರ ಮೇಲೆ 10 ಅಥವಾ 12 ತಂತಿ. ಒಂದು ಪಟ್ಟಿ ಹೆಗಲಿಗೆ, ಒಂದು ಕೊಕ್ಕೆ ಸೊಂಟದ ಬೆಲ್ಟಿಗೆ. ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುತ್ತದೆ. ಮೀಟುವುದೇ ಇಲ್ಲ. ಎರಡೂ ಕೈಯ ಬೆರಳುಗಳು ತಟ್ಟುತ್ತವೆ. ಸಾಮಾನ್ಯವಾಗಿ ಎಡಗೈ ಬಾಸ್, ಅಂದರೆ ತಗ್ಗಿನ ಸ್ವರ, ನೋಡಿಕೊಂಡರೆ ಬಲಗೈ ಮೇಲಿನ ಸ್ವರ ನುಡಿಸುತ್ತದೆ. ಪಿಯಾನೊ ನುಡಿಸುವವರ ಕೈಗಳ ಹಾಗೆ.

ಇನ್ನು ಉತ್ತರ. ಹೌದು, ಗಿಟಾರಲ್ಲೂ ನುಡಿಸಬಹುದು. ಅಮೆರಿಕದ ಜಾಜ್ ಗಿಟಾರ್ ವಾದಕ ಸ್ಟ್ಯಾನ್ಲಿ ಜೋರ್ಡನ್ ಆರು ತಂತಿಯ ಗಿಟಾರಿನಲ್ಲೇ ಎರಡು ಕೈಗೆ ಎರಡು ಕೆಲಸ ಕೊಟ್ಟು ನುಡಿಸುತ್ತಾರೆ, 1980ರ ದಶಕದಿಂದಲೂ. ಆದರೆ ಅವರೂ ಗಿಟಾರನ್ನು ಇದ್ದ ಹಾಗೆ ಬಿಡಲಿಲ್ಲ. ತಂತಿ ತಂತಿಗೂ ಒಂದೇ ಸ್ವರದಂತರ ಇರಲಿ ಅಂತ ಶ್ರುತಿ ಬದಲಿಸಿಕೊಂಡರು.

ನಾನೂ ಮೊದಲು ಗಿಟಾರಲ್ಲೇ ಶುರು ಮಾಡಿದವನು. ತಟ್ಟಿದ ಸ್ವರ ಚೆನ್ನಾಗೇ ಬರುತ್ತಿತ್ತು. ಬೆರಳೆತ್ತಿದ ಕೂಡಲೇ ಖಾಲಿ ತಂತಿ 'ಝಂಯ್' ಅನ್ನುತ್ತಿತ್ತು. ಅಷ್ಟೇ ಅಲ್ಲ, ತಟ್ಟಿದ ಜಾಗದ ಎರಡೂ ಕಡೆ ತಂತಿ ಅದುರುತ್ತದೆ. ನಮಗೆ ಬೇಕಾದದ್ದು ಬ್ರಿಡ್ಜ್ (ಹೊಟ್ಟೆಯ ಮೇಲೆ ತಂತಿ ಕೂರುವ ಕುದುರೆ) ಕಡೆಯ ತುಂಡು ಮಾತ್ರ. ಇನ್ನೊಂದು ಕಡೆಯದು ಸುಮ್ನೆ ಗಲಾಟೆ. ಕೂದಲಿಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡನ್ನು ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಸುತ್ತಿದೆ. ಗಲಾಟೆ ನಿಂತಿತು. (ಅದು ಮನೆಯಲ್ಲಿ ಇನ್ನೊಬ್ಬರದ್ದು, ಆ ಜಗಳ ಬೇರೆ.) ಆಮೇಲೆ ತಂತಿ ತುಂಬ ಎತ್ತರದಲ್ಲಿದೆ ಅನ್ನಿಸಿತು. ಮೀಟಿದ ತಂತಿ ಅಗಲವಾಗಿ ತೂಗುತ್ತದೆ, ಅದಕ್ಕೆ ಜಾಗ ಬೇಕು. ತಟ್ಟಿದ್ದು ಅಷ್ಟು ತೂಗುವುದಿಲ್ಲ, ತಂತಿ ಫ್ರೆಟ್ಟಿಗೆ ಹತ್ತಿರ ಇದ್ದಷ್ಟೂ ಬೆರಳಿಗೆ ಸುಖ. ತಂತಿ ಇಳಿಸಿದೆ. ಆರನೇ ಫ್ರೆಟ್ಟಲ್ಲಿ ಒತ್ತಿದರೆ 'ಜರ್' ಅಂತ ಸದ್ದು. ನೋಡಿದರೆ ಏಳನೇ ಫ್ರೆಟ್ ಕೂದಲೆಳೆಯಷ್ಟು ಮೇಲಿದೆ! ಮೀಟುವಾಗ ಅದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಅರ ತಗೊಂಡು ಕೂತೆ.

ಅರ ಹಿಡಿದ ಆ ಸಂಜೆಯೇ ನನ್ನ ನಿಜವಾದ ಉತ್ತರ. ತಟ್ಟಿ ನುಡಿಸಲು ಹೊರಟವರು ಸ್ವಲ್ಪ ದಿನಕ್ಕೆ ವಾದ್ಯ ರಿಪೇರಿಗೆ ಇಳಿಯುತ್ತಾರೆ. ಇನ್ನೂ ಸ್ವಲ್ಪ ದಿನಕ್ಕೆ ಕೆಲವರು ಹೊಸ ವಾದ್ಯವನ್ನೇ ಮಾಡುತ್ತಾರೆ.

ಈ ವಿದ್ಯೆ ಹೊಸದೇನಲ್ಲ. ಕ್ಲಾವಿಕಾರ್ಡ್ ಅನ್ನುವ ಹಳೆಯ ಯುರೋಪಿನ ವಾದ್ಯದಲ್ಲಿ ಕೀ ಒತ್ತಿದರೆ ಹಿತ್ತಾಳೆಯ ಚೂರೊಂದು ತಂತಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಬೇಡದ ಕಡೆ ತಂತಿಯ ಸದ್ದಡಗಿಸಲು ಬಟ್ಟೆ ಹೆಣೆದಿರುತ್ತಾರೆ. ನನ್ನ ರಬ್ಬರ್ ಬ್ಯಾಂಡೇ ಅಲ್ವಾ ಅದು! ಆದರೆ ಅದರ ದನಿ ಬಹಳ ಸಣ್ಣದು. ತಟ್ಟಿದ ತಂತಿಗೆ ದನಿ ಸಾಲದು. ಹಾಗಾಗಿ ತಂತಿಯ ಅದುರನ್ನು ಆಂಪ್ಲಿಫೈಯರಿಗೆ ಮುಟ್ಟಿಸುವ ಎಲೆಕ್ಟ್ರಿಕ್ ಪಿಕಪ್ ಬಂದ ಮೇಲೇ ಇದಕ್ಕೆ ಕಳೆ ಬಂತು. ಗಿಟಾರ್ ವಾದಕ ಜಿಮ್ಮಿ ವೆಬ್‌ಸ್ಟರ್ 1952ರಲ್ಲೇ ಎಲೆಕ್ಟ್ರಿಕ್ ಗಿಟಾರನ್ನು ತಟ್ಟಿ ನುಡಿಸುವ ಪಾಠಪುಸ್ತಕ ತಂದಿದ್ದರು. ಡೇವ್ ಬಂಕರ್ ಎರಡು ಕುತ್ತಿಗೆಯ ವಾದ್ಯ ಮಾಡಿ 1961ರಲ್ಲಿ ಪೇಟೆಂಟ್ ಪಡೆದರು.

ನನ್ನ ಪ್ರಕಾರ ದೊಡ್ಡ ತಿರುವು 1969ರದ್ದು. ಲಾಸ್ ಏಂಜಲೀಸಿನ ಜಾಜ್ ಗಿಟಾರ್ ವಾದಕ ಎಮ್ಮೆಟ್ ಚಾಪ್‌ಮನ್ ಆಗ ತಾವೇ ಮಾಡಿಕೊಂಡ ಒಂಬತ್ತು ತಂತಿಯ ಗಿಟಾರ್ ನುಡಿಸುತ್ತಿದ್ದರು. ಅದರ ಕುತ್ತಿಗೆಯನ್ನು ಮೇಲಕ್ಕೆತ್ತಿ, ಬಲಗೈಯನ್ನು ಎಡಗೈಗೆ ಎದುರು ಬದಿಯಿಂದ ತಂದರು. ಕೇಳಲು ಏನೂ ಇಲ್ಲ ಅನ್ನಿಸುತ್ತದೆ. ನೀವೇ ಮಾಡಿ ನೋಡಿ. ಗಿಟಾರ್ ಹಿಡಿಯುವ ರೀತಿಯಲ್ಲಿ ಬಲಗೈ ಬೆರಳುಗಳು ತಂತಿಯ ಉದ್ದಕ್ಕೆ ಮಲಗುತ್ತವೆ, ತಟ್ಟಲು ಒಂದೋ ಎರಡೋ ಸಿಗುತ್ತವೆ. ಅಡ್ಡವಾಗಿ ತಂದರೆ ನಾಲ್ಕೂ ಬೆರಳು ನಾಲ್ಕು ಫ್ರೆಟ್ ಮೇಲೆ ಸಾಲಾಗಿ ಕೂರುತ್ತವೆ. ಎಡಗೈ ಏನೇನು ಮಾಡಬಲ್ಲದೋ ಬಲಗೈಯೂ ಅದನ್ನೆಲ್ಲ ಮಾಡಬಲ್ಲದು. ಆ ಕೈಗಳಿಗೆ ಹೊಟ್ಟೆಯಿರುವ ಗಿಟಾರ್ ಅಡ್ಡ. ಹೊಟ್ಟೆ ತೆಗೆದು ಹಾಕಿದರು. 1974ರಲ್ಲಿ ಸ್ಟಿಕ್ ಮಾರಾಟಕ್ಕೆ ಬಂತು. ಬಾಸಿಗೂ ಮೇಲಿನ ಸ್ವರಕ್ಕೂ ಬೇರೆ ಬೇರೆ ಪಿಕಪ್ ದಾರಿ, ಎರಡನ್ನು ಎರಡು ಆಂಪ್ಲಿಫೈಯರಿಗೆ ಕಳಿಸಬಹುದು. ಚಾಪ್‌ಮನ್ 2021ರಲ್ಲಿ ತೀರಿಕೊಂಡರು.

ಕಿಂಗ್ ಕ್ರಿಮ್ಸನ್ ಅನ್ನುವ ರಾಕ್ ತಂಡದಲ್ಲಿ, ಗಾಯಕ ಪೀಟರ್ ಗೇಬ್ರಿಯಲ್ ಜೊತೆ ಬಾಸ್ ವಾದಕ ಟೋನಿ ಲೆವಿನ್ ಇದನ್ನು ನುಡಿಸಿದ ಮೇಲೆ ಜಾಸ್ತಿ ಜನರ ಕಿವಿಗೆ ಬಿತ್ತು. ನಂತರ ಅದೇ ತಂಡದ ಟ್ರೇ ಗನ್ ಹಿಡಿದದ್ದು ಮಾರ್ಕ್ ವಾರ್ ಮಾಡಿದ, ಮತ್ತೆ ಹೊಟ್ಟೆ ಬಂದ ವಾದ್ಯ. ವಾದ್ಯ ವಿನ್ಯಾಸಕಾರ ನೆಡ್ ಸ್ಟೈನ್‌ಬರ್ಗರ್ ಚಾಪ್‌ಮನ್ ಜೊತೆ ಸೇರಿ ಮಾಡಿದ್ದನ್ನು ಮೀಟಲೂಬಹುದು, ತಟ್ಟಲೂಬಹುದು. ಟಿಮ್ ಮೀಕ್ಸ್ ಮಾಡಿದ ಹಾರ್ಪೆಜಿ ಅನ್ನುವ ತಟ್ಟುವ ವಾದ್ಯ ಮೇಜಿನ ಹಾಗೆ ಮಲಗಿರುತ್ತದೆ. ಎಲ್ಲರ ಹತ್ತಿರವೂ ಒಂದೇ ತಕರಾರು, ಪರಿಹಾರ ಮಾತ್ರ ಬೇರೆ ಬೇರೆ.

ಶ್ರುತಿಯಂತೂ ಕೇಳಲೇಬೇಡಿ. ಮೂಲ ಸ್ಟಿಕ್ಕಿನಲ್ಲಿ ಮೇಲಿನ ಸ್ವರದ ತಂತಿಗಳ ನಡುವೆ ಸ–ಮ ಅಂತರ, ಬಾಸ್ ತಂತಿಗಳ ನಡುವೆ ಸ–ಪ ಅಂತರ. ಎರಡೂ ಕಡೆ ಅತಿ ತಗ್ಗಿನ ತಂತಿ ಹಲಗೆಯ ನಟ್ಟನಡುವೆ. ಅಲ್ಲಿಂದ ಹೊರಗೆ ಹೋದಷ್ಟೂ ಏರುತ್ತದೆ. ಗಿಟಾರಿನವರಿಗೆ ಇದು ತಲೆ ತಿರುಗುವ ವಿಷಯ. ಅಭ್ಯಾಸವಾದರೆ ಬಾಸ್ ಕೈಗೆ ಸಣ್ಣ ಚಾಚಿನಲ್ಲೇ ಹರಡಿದ ಸ್ವರಗುಚ್ಛ ಸಿಗುತ್ತದೆ. ಆದರೆ ಇಷ್ಟಕ್ಕೇ ನಿಲ್ಲುವವರು ನಮ್ಮಲ್ಲಿ ಕಡಿಮೆ. ಒಬ್ಬರು ಎರಡೂ ಕಡೆ ಸ–ಮ ಮಾಡಿಕೊಳ್ಳುತ್ತಾರೆ, ಇನ್ನೊಬ್ಬರು ಬಾಸನ್ನೇ ತಿರುವು ಮುರುವು ಮಾಡುತ್ತಾರೆ.

ಅದರ ಫಲ ಏನಂದರೆ, ನಾವು ಒಬ್ಬರ ವಾದ್ಯ ಒಬ್ಬರು ನುಡಿಸುವ ಹಾಗಿಲ್ಲ. ಒಮ್ಮೆ ಗೆಳೆಯನೊಬ್ಬ ತನ್ನದನ್ನು ನನ್ನ ಹೆಗಲಿಗೆ ಹಾಕಿದ. ಶ್ರುತಿ ಏನು ಅಂತ ಕೇಳುವ ಮೊದಲೇ ಕೈ ತನ್ನ ಪಾಡಿಗೆ ಶುರು ಮಾಡಿಬಿಟ್ಟಿತು. ಬಲಗೈಯದು ಗೊತ್ತಿದ್ದ ಹಾಡೇ. ಎಡಗೈಯಿಂದ ಬಂದದ್ದು ನಾನೆಂದೂ ಕೇಳದ ಬಾಸ್. ತಪ್ಪಾಯ್ತು ಅಂತ ಕೈ ತೆಗೆದೆ. "ನಿಲ್ಲಿಸಬೇಡ್ವೋ, ಇನ್ನೊಂದ್ಸಲ ನುಡಿಸು" ಅಂದವನೇ ಪೆನ್ನು ಹುಡುಕತೊಡಗಿದ.