ನ್ಯಾಶ್‌ವಿಲ್: ಸೆಕೆಂಡ್ ಅವೆನ್ಯೂವಿನ ಇಟ್ಟಿಗೆ ಗೋಡೆ

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿಯ ಕಟ್ಟಡ ಎಲ್ಲಿ ಎಂದು ಕೇಳಿದರೆ ಜನ ಕೈ ತೋರಿಸುವುದು ಎರಡು ಕೋಡುಗಳ 33 ಮಹಡಿ ಗೋಪುರದ ಕಡೆಗೆ. ಊರವರ ಬಾಯಲ್ಲಿ ಅದು ಬ್ಯಾಟ್‌ಮ್ಯಾನ್ ಬಿಲ್ಡಿಂಗ್. 2020ರ ಕ್ರಿಸ್ಮಸ್ ಬೆಳಿಗ್ಗೆ ಬಾಂಬಿದ್ದ ವಾಹನವೊಂದು ಸ್ಫೋಟವಾದದ್ದು ಅಲ್ಲಲ್ಲ. 185, ಸೆಕೆಂಡ್ ಅವೆನ್ಯೂ ನಾರ್ತ್‌ನ ಅದೇ ಕಂಪನಿಯ ಟೆಲಿಫೋನ್ ಎಕ್ಸ್‌ಚೇಂಜ್ ಎದುರು.

ವಿಮಾನ ನಿಲ್ದಾಣದಿಂದ 18ನೇ ನಂಬರಿನ ಬಸ್ಸು ಪೇಟೆಗೆ ಬರುತ್ತದೆ. ಬ್ರಾಡ್‌ವೇ ಮುಟ್ಟಿ, ನದಿಯನ್ನು ಬಲಕ್ಕಿಟ್ಟುಕೊಂಡು ಸೆಕೆಂಡ್ ಅವೆನ್ಯೂವಿನಲ್ಲಿ ಉತ್ತರಕ್ಕೆ ನಡೆಯಿರಿ. ಕಾಮರ್ಸ್ ಸ್ಟ್ರೀಟ್ ದಾಟಿದ ಮೇಲೆ ಎಡಗಡೆ ಎದ್ದು ನಿಲ್ಲುತ್ತದೆ ಆ ಇಟ್ಟಿಗೆ ಕಟ್ಟಡ. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ಒಳಗಿರುವುದು ಜನರಲ್ಲ, ಯಂತ್ರಗಳು. ಅವಕ್ಕೆ ಬೆಳಕು ಬೇಡ, ತಂಪು ಬೇಕು. ಬಲಗಡೆ, ಹತ್ತೊಂಬತ್ತನೇ ಶತಮಾನದ ಗೋದಾಮುಗಳ ಸಾಲು: ಮುಂಬಾಗಿಲು ಈ ಬೀದಿಗೆ, ಹಿಂಬಾಗಿಲು ನದಿಯ ಕಡೆಯ ಫಸ್ಟ್ ಅವೆನ್ಯೂಗೆ. ಹೆಚ್ಚು ಪೆಟ್ಟು ತಿಂದದ್ದು ಈ ಹಳೆಯ ಸಾಲೇ.

ಅಂದು ನಸುಕಿನಲ್ಲಿ ಇಲ್ಲಿ ನಿಂತಿದ್ದ ಮನೆಯಂಥ ವಾಹನದಿಂದ, ಜಾಗ ಬಿಟ್ಟು ಹೋಗಿ ಎಂಬ ಧ್ವನಿಮುದ್ರಿತ ಎಚ್ಚರಿಕೆ ಮೊಳಗುತ್ತಿತ್ತು. ಆರು ಮಂದಿ ಪೊಲೀಸರು ಬಾಗಿಲು ಬಾಗಿಲು ತಟ್ಟಿ ನಿವಾಸಿಗಳನ್ನು ಹೊರಗೆ ಕಳಿಸಿದರು. ಆರೂವರೆಯ ಸುಮಾರಿಗೆ ವಾಹನ ಸಿಡಿಯಿತು. ಸತ್ತದ್ದು ಅದನ್ನು ತಂದು ನಿಲ್ಲಿಸಿದವನೊಬ್ಬನೇ. ಆ ಬಾಗಿಲು ತಟ್ಟಿದ ಕೈಗಳನ್ನು ನೆನೆಯದೆ ಈ ಬೀದಿಯಲ್ಲಿ ಮುಂದಕ್ಕೆ ಹೋಗಬಾರದು.

ಎಕ್ಸ್‌ಚೇಂಜಿನ ಗೋಡೆ ನಿಂತಿತು, ಸೋತದ್ದು ಕರೆಂಟು. ಇಂಥ ಕಟ್ಟಡದ ಯಂತ್ರಗಳು ನಡೆಯುವುದು 48 ವೋಲ್ಟ್ ಡಿಸಿಯಲ್ಲಿ, ಅಂದರೆ ಬ್ಯಾಟರಿ ಕೊಡುವಂಥ ನೇರ ಕರೆಂಟಿನಲ್ಲಿ. ಹೊರಗಿನ ಕರೆಂಟು ಹೋದರೆ ಬ್ಯಾಟರಿ ತಕ್ಷಣ ಹೊರೆ ಹೊರುತ್ತದೆ. ಆದರೆ ಅದು ಕೆಲವು ಗಂಟೆಗಳ ಮಾತು, ಅಷ್ಟರೊಳಗೆ ಜನರೇಟರ್ ಏಳಬೇಕು. ಇಲ್ಲಿ ಜನರೇಟರ್ ಸಂಪರ್ಕ ಕೆಟ್ಟಿತ್ತು, ಬೆಂಕಿ, ನೆಲಮಾಳಿಗೆಯಲ್ಲಿ ಮೂರು ಅಡಿ ನೀರು. ಹಾಗಾಗಿ ಫೋನುಗಳು ಸತ್ತದ್ದು ಸಿಡಿದ ಕ್ಷಣದಲ್ಲಲ್ಲ, ಬ್ಯಾಟರಿ ಬರಿದಾದ ಮೇಲೆ. ಟೆನೆಸಿಯಷ್ಟೇ ಅಲ್ಲ, ಕೆಂಟಕಿ, ಅಲಬಾಮಾದವರೆಗೂ ಸಂಪರ್ಕ ಕಡಿದುಹೋಯಿತು. ತುರ್ತು ನಂಬರು 911ರ ಕರೆಗಳು ತಪ್ಪಿದವು. ನ್ಯಾಶ್‌ವಿಲ್ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಹಿಡಿದರು. ತುರ್ತು ಸೇವೆಗಳಿಗೆಂದೇ ಕಟ್ಟಿದ ಫಸ್ಟ್‌ನೆಟ್ ಜಾಲಕ್ಕೂ ಪೆಟ್ಟು ಬಿತ್ತು. ರಾತ್ರಿ ಬೆಂಕಿ ಮತ್ತೆ ಹೊತ್ತಿಕೊಂಡು ಸಿಬ್ಬಂದಿ ಹೊರಗೋಡಬೇಕಾಯಿತು. ಕೊನೆಗೆ ಗೋಡೆ ಕೊರೆದು, ಹೊರಗಿನಿಂದ ಜನರೇಟರ್ ಕೇಬಲ್ ಎಳೆದು, ನೀರು ಪಂಪು ಮಾಡಿ ಜೀವ ತುಂಬಿದರು. ಅಷ್ಟು ಹೊತ್ತು ಟ್ರೈಲರ್ ಮೇಲಿನ ಸಂಚಾರಿ ಟವರುಗಳೇ ಆಸರೆ.

ಹಾಗಾದರೆ ಗುರಿ ಈ ಕಟ್ಟಡವೇ? ಊಹೆ ಹುಟ್ಟಿದ್ದು ವಾಹನ ನಿಂತ ಜಾಗದಿಂದ. 5ಜಿ ಮೇಲಿನ ಸಿಟ್ಟು ಎಂದರು ಕೆಲವರು. ಮತಯಂತ್ರದ ತಪಾಸಣೆ ಒಳಗೆ ನಡೆಯಲಿತ್ತು ಎಂಬ ಕಥೆಯೂ ಹಬ್ಬಿತು. ಅದು ಶುದ್ಧ ಸುಳ್ಳು. 2021ರ ಮಾರ್ಚ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿದ್ದು ಬೇರೆ: ವಾಹನ ತಂದವನು ಒಬ್ಬನೇ ಇದ್ದ, ಸಾಯುವ ಉದ್ದೇಶ ಅವನದಾಗಿತ್ತು, ಬದುಕಿನ ಒತ್ತಡ, ವಿಚಿತ್ರ ಪಿತೂರಿ ನಂಬಿಕೆಗಳು ಮತ್ತು ಕಳಚಿದ ಸಂಬಂಧಗಳು ಅವನನ್ನು ನೂಕಿದ್ದವು, ರಾಜಕೀಯ, ಸೈದ್ಧಾಂತಿಕ ಉದ್ದೇಶ ಕಾಣಲಿಲ್ಲ. ಜಾಗವೊಂದನ್ನೇ ಹಿಡಿದು ಗುರಿ ಹೇಳುವುದು ದುಡುಕು. ಜಾಲಕ್ಕೆ ಬಿದ್ದ ಪೆಟ್ಟು ದೊಡ್ಡದಿದ್ದ ಮಾತ್ರಕ್ಕೆ ಉದ್ದೇಶವೂ ಅದೇ ಆಗಿರಬೇಕಿಲ್ಲ.

ಬೀದಿ ಮತ್ತೆ ಎದ್ದಿದೆ, ಕಾಲುದಾರಿ ಅಗಲವಾಗಿದೆ. ಬೆಳಿಗ್ಗೆ ಬೇಗ ಬನ್ನಿ. ಹೊಸ ಇಟ್ಟಿಗೆ ಹಳೆಯದಕ್ಕೆ ಸೇರುವ ಗೆರೆ ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಜಾಲ ಕೈಕೊಟ್ಟರೆ ಇರಲಿ ಎಂದು ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಜೇಬಿನಲ್ಲಿ ಒಂದಿಷ್ಟು ನಗದು ಇರಲಿ. ಆಮೇಲೆ ಫಸ್ಟ್ ಅವೆನ್ಯೂಗೆ ಇಳಿದರೆ ಕಂಬರ್‌ಲ್ಯಾಂಡ್ ನದಿ, ದಡದಲ್ಲೇ ಊರು ಹುಟ್ಟಿದ ಮರದ ದಿಮ್ಮಿಗಳ ನ್ಯಾಶ್‌ಬರೋ ಕೋಟೆಯ ಪ್ರತಿಕೃತಿ.