ಖಾತೆ ಫ್ರೀಜ್ ಆದರೆ ಬ್ಯಾಂಕಿನಿಂದ ಮೊದಲು ಪಡೆಯಬೇಕಾದದ್ದು

ಬೇಕರಿಗೆ ಬಂದ ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ 640 ರೂಪಾಯಿ ಕಳಿಸುತ್ತಾನೆ. ಕೆಲವು ದಿನ ಕಳೆದ ಮೇಲೆ ಬೇಕರಿಯವರ ಖಾತೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ಶಾಖೆಗೆ ಹೋಗಿ ಕೇಳಿದರೆ "ಸೈಬರ್ ಕ್ರೈಮ್‌ನವರು ಫ್ರೀಜ್ ಮಾಡಿಸಿದ್ದಾರೆ, ನಮಗೇನೂ ಗೊತ್ತಿಲ್ಲ" ಎಂಬ ಉತ್ತರ. ಗೊತ್ತಿಲ್ಲ ಎಂಬ ಮಾತು ಬಹುಪಾಲು ಸುಳ್ಳು. ಯಾರು, ಯಾವ ದೂರಿನ ಮೇಲೆ, ಎಷ್ಟು ಮೊತ್ತವನ್ನು ತಡೆಯಲು ಹೇಳಿದರು ಎಂಬುದೆಲ್ಲ ಬ್ಯಾಂಕಿನ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ಹೊರಗೆ ತೆಗೆಸುವುದು ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ತಡೆ ಬೀಳುವ ಬಗೆ ಹೀಗೆ. ಮೋಸಹೋದವರು 1930ಕ್ಕೆ ಫೋನ್ ಮಾಡುತ್ತಾರೆ, ಇಲ್ಲವೇ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕುತ್ತಾರೆ. ದೂರಿಗೊಂದು ಅಕ್ನಾಲೆಜ್‌ಮೆಂಟ್ ನಂಬರ್ ಸಿಗುತ್ತದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ (ಐ4ಸಿ) ಕಟ್ಟಿದ ಜಾಲದ ಮೂಲಕ ಆ ದೂರು ಹಣ ತಲುಪಿದ ಮೊದಲ ಬ್ಯಾಂಕಿಗೆ ಹೋಗುತ್ತದೆ. ಹಣ ಅಲ್ಲೇ ಉಳಿದಿದ್ದರೆ ಅದನ್ನು ತಡೆಯುತ್ತಾರೆ. ಮುಂದಕ್ಕೆ ಹೋಗಿದ್ದರೆ ಯಾವ ಖಾತೆಗೆ ಹೋಯಿತೆಂದು ಆ ಬ್ಯಾಂಕ್ ನಮೂದಿಸುತ್ತದೆ, ದೂರು ಅಲ್ಲಿಗೂ ಬೆನ್ನು ಹತ್ತುತ್ತದೆ. ಒಂದೊಂದು ಜಿಗಿತಕ್ಕೂ ಒಂದೊಂದು ಲೇಯರ್ ಎನ್ನುತ್ತಾರೆ. ಕಳ್ಳ ಮೊದಲ ಲೇಯರಿನಲ್ಲೇ ಪಾರಾಗಿರುತ್ತಾನೆ. ನಾಲ್ಕನೆಯದರಲ್ಲೋ ಐದನೆಯದರಲ್ಲೋ ಸಿಕ್ಕಿಬೀಳುವವರು ಬನ್ನು ಮಾರಿದವರು, ಮನೆ ಬಾಡಿಗೆ ಪಡೆದವರು, ಕೂಲಿ ಪಡೆದವರು.

ಆ ಮೊದಲ ಲೇಯರ್ ಎಂಬುದು ಸಾಮಾನ್ಯವಾಗಿ ಬಾಡಿಗೆಗೆ ಕೊಟ್ಟ ಖಾತೆ, ಅಂದರೆ ಮ್ಯೂಲ್ ಖಾತೆ. ವಿದ್ಯಾರ್ಥಿಗಳನ್ನೋ ದಿನಗೂಲಿಯವರನ್ನೋ ಹಿಡಿದು ಖಾತೆ ತೆರೆಸಿ, ಪಾಸ್‌ಬುಕ್, ಎಟಿಎಂ ಕಾರ್ಡ್, ಚೆಕ್‌ಬುಕ್, ಖಾತೆಗೆ ಜೋಡಿಸಿದ ಸಿಮ್ ಎಲ್ಲವನ್ನೂ ಒಂದೇ ಕಿಟ್ ಆಗಿ ಕೊಂಡೊಯ್ಯುತ್ತಾರೆ. ಇದರ ಲಕ್ಷಣಗಳು ಗುಟ್ಟಿನವೇನಲ್ಲ. ಮೊದಲು ಒಂದೆರಡು ರೂಪಾಯಿಯ ಪರೀಕ್ಷಾ ಜಮಾ. ಆಮೇಲೆ ಒಂದೇ ದಿನ ಲಕ್ಷಗಟ್ಟಲೆ ಒಳಗೆ ಬಂದು, ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗಿ, ಸಂಜೆಗೆ ಉಳಿಕೆ ಸೊನ್ನೆ. ಖಾತೆ ತೆರೆಯುವಾಗ ಬರೆಸಿದ ವಾರ್ಷಿಕ ಆದಾಯ ಎರಡು ಲಕ್ಷ, ವಾರದ ವಹಿವಾಟು ನಲವತ್ತು ಲಕ್ಷ. ಇದನ್ನು ಹಿಡಿಯಲೆಂದೇ ಬ್ಯಾಂಕುಗಳಲ್ಲಿ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ಇದೆ, ಕಾನೂನೂ ಇದೆ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ 10 ಲಕ್ಷ ಮೀರಿದ ನಗದು ವ್ಯವಹಾರದ ವರದಿ ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್‌ಗೆ ಹೋಗಬೇಕು. ಅನುಮಾನಾಸ್ಪದ ವ್ಯವಹಾರವಾದರೆ ಮೊತ್ತ ಎಷ್ಟೇ ಇರಲಿ, ವರದಿ ಮಾಡಲೇಬೇಕು. ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೊವೇಷನ್ ಹಬ್ ಮ್ಯೂಲ್‌ಹಂಟರ್ ಎಂಬ ಸಾಧನವನ್ನೇ ಇದಕ್ಕಾಗಿ ರೂಪಿಸಿದೆ. ಆದರೂ ಹೊಸ ಖಾತೆಗಳ ಟಾರ್ಗೆಟ್ ಮುಟ್ಟಬೇಕಾದ ಶಾಖೆಯಲ್ಲಿ ಕೆವೈಸಿ ಎಂದರೆ ಆಧಾರ್‌ನ ಜೆರಾಕ್ಸ್ ತೆಗೆದಿಟ್ಟುಕೊಳ್ಳುವುದಷ್ಟೇ ಆಗಿಬಿಡುತ್ತದೆ.

ದೊಡ್ಡ ಬ್ಯಾಂಕುಗಳ ಮೇಲೆ ಜನರಿಗಿರುವ ಅಪನಂಬಿಕೆ ಇಲ್ಲಿಂದಲೇ ಹುಟ್ಟುತ್ತದೆ, ಮತ್ತು ಅದು ನ್ಯಾಯವಾದದ್ದು. 2024ರ ಅಕ್ಟೋಬರಿನಲ್ಲಿ ಅಕ್ರಮ ಹಣ ತಡೆಯುವ ಕಾನೂನು ಪಾಲಿಸಲಿಲ್ಲವೆಂದು ಅಮೆರಿಕದಲ್ಲಿ ತಪ್ಪೊಪ್ಪಿಕೊಂಡ, ಕೆನಡಾ ಮೂಲದ ಟಿಡಿ ಬ್ಯಾಂಕ್ ಸುಮಾರು 300 ಕೋಟಿ ಡಾಲರ್ ದಂಡ ತೆತ್ತಿತು. 2018ರಿಂದ 2024ರವರೆಗೆ ಅದರ ವಹಿವಾಟಿನ ಮೊತ್ತದಲ್ಲಿ ಶೇ 92ರಷ್ಟನ್ನು ಅದರ ಕಣ್ಗಾವಲು ವ್ಯವಸ್ಥೆ ನೋಡಿಯೇ ಇರಲಿಲ್ಲ. ತಂತ್ರಜ್ಞಾನ ಇರಲಿಲ್ಲವೆಂದಲ್ಲ, ಅದಕ್ಕೆ ಖರ್ಚು ಹೆಚ್ಚಿಸಬಾರದೆಂಬ ತೀರ್ಮಾನ ಮೇಲಿನವರದಾಗಿತ್ತು. ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಮೂಲಕ 2007ರಿಂದ 2015ರ ನಡುವೆ ಸುಮಾರು 20,000 ಕೋಟಿ ಯೂರೊ ಹರಿದುಹೋಯಿತು, ಅದರಲ್ಲಿ ಬಹುಪಾಲು ಅನುಮಾನಾಸ್ಪದ. ನಮ್ಮಲ್ಲಿ 2024ರಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಿದ್ದ ದಂಡ 5.49 ಕೋಟಿ ರೂಪಾಯಿ. ದಂಡ ಕಟ್ಟಿದ ಮೇಲೆ ಸಂಸ್ಥೆಯ ಲೆಕ್ಕ ಚುಕ್ತಾ. ಬೇಕರಿಯವರಿಗೆ ಹಾಗೆ ಚುಕ್ತಾ ಮಾಡಿಕೊಳ್ಳುವ ದಾರಿಯಿಲ್ಲ: 640 ರೂಪಾಯಿಗೆ ಇಡೀ ಖಾತೆ ನಿಲ್ಲುತ್ತದೆ, ಇಎಂಐ ಬೌನ್ಸ್ ಆಗುತ್ತದೆ.

ಈಗ ಮಾಡಬೇಕಾದ್ದಕ್ಕೆ ಬರೋಣ. ಮೊದಲು ತಡೆ ಯಾವ ಬಗೆಯದು ಎಂದು ತಿಳಿಯಬೇಕು, ಏಕೆಂದರೆ ಒಂದೊಂದಕ್ಕೂ ಬಾಗಿಲು ಬೇರೆ. ಕೆವೈಸಿ ಹಳೆಯದಾಗಿದ್ದರೆ ಶಾಖೆಯಲ್ಲೇ ಮುಗಿಯುತ್ತದೆ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಬಾಕಿಯ ಜಪ್ತಿಯಾದರೆ ಆ ಅಧಿಕಾರಿಯ ಕಚೇರಿಗೇ ಹೋಗಬೇಕು. ಬ್ಯಾಂಕೇ ಅನುಮಾನಪಟ್ಟು ವರದಿ ಮಾಡಿದ್ದರೆ, ವರದಿ ಹೋಗಿದೆಯೆಂದು ಗ್ರಾಹಕರಿಗೆ ತಿಳಿಸುವಂತಿಲ್ಲ ಎಂಬ ನಿಯಮವಿದೆ. ಶಾಖೆಯವರು ಈ ಗೋಪ್ಯತೆಯ ನೆಪವನ್ನು ಸೈಬರ್ ದೂರಿನ ತಡೆಗೂ ಹೇಳುತ್ತಾರೆ. ಅಲ್ಲಿ ಅದು ಅನ್ವಯಿಸುವುದಿಲ್ಲ.

ಸೈಬರ್ ದೂರಿನ ತಡೆಯಾದರೆ ಶಾಖಾ ವ್ಯವಸ್ಥಾಪಕರಿಗೆ ಒಂದು ಪುಟದ ಅರ್ಜಿ ಬರೆಯಿರಿ. ತಡೆ ಬಿದ್ದ ದಿನಾಂಕ, ದೂರಿನ ಅಕ್ನಾಲೆಜ್‌ಮೆಂಟ್ ನಂಬರ್, ಪೊಲೀಸ್ ಠಾಣೆ ಮತ್ತು ರಾಜ್ಯ, ತನಿಖಾಧಿಕಾರಿಯ ಇಮೇಲ್, ವಿವಾದಿತ ಮೊತ್ತ, ಆ ಮೊತ್ತ ಬಂದ ವರ್ಗಾವಣೆಯ ಗುರುತಿನ ಸಂಖ್ಯೆ (ಯುಟಿಆರ್ ನಂಬರ್), ಯಾವ ಕಲಮಿನಡಿ ತಡೆ ಎಂಬಿಷ್ಟನ್ನು ಕೇಳಿ. ಇನ್ನೊಂದು ಪ್ರಶ್ನೆಯನ್ನು ಮರೆಯಬೇಡಿ: ಬಂದಿರುವ ಸೂಚನೆ ನಿರ್ದಿಷ್ಟ ಮೊತ್ತದ ಮೇಲೆ ಲೀನ್ ಹಾಕಲೋ, ಇಡೀ ಖಾತೆಯಿಂದ ಹಣ ಹೊರಹೋಗದಂತೆ ಡೆಬಿಟ್ ಫ್ರೀಜ್ ಮಾಡಲೋ? ಲೀನ್ ಆದರೆ ಅಷ್ಟು ಹಣ ಬಿಟ್ಟು ಉಳಿದದ್ದನ್ನು ಬಳಸಬಹುದು. 640 ರೂಪಾಯಿಗೆ ಲೀನ್ ಹಾಕಿ ಎಂದರೂ ಇಡೀ ಖಾತೆ ನಿಲ್ಲಿಸುವ ಬ್ಯಾಂಕುಗಳಿವೆ. ಅದೇ ಅವರಿಗೆ ಸುಲಭ. ತಡೆಯನ್ನು ಪೊಲೀಸರು ಹೇಳಿದ ಮೊತ್ತಕ್ಕಷ್ಟೇ ಸೀಮಿತಗೊಳಿಸಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ, ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕುವುದಿಲ್ಲವೆಂದರೆ ಅಲ್ಲೇ ಕುಳಿತು, ಖಾತೆಗೆ ನೋಂದಾಯಿಸಿದ ಇಮೇಲ್‌ನಿಂದ ಶಾಖೆಗೂ ಬ್ಯಾಂಕಿನ ನೋಡಲ್ ಅಧಿಕಾರಿಗೂ ಅದನ್ನೇ ಕಳಿಸಿ.

ವಿವರ ಕೈಗೆ ಬಂದ ಮೇಲೆ ತನಿಖಾಧಿಕಾರಿಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಠಾಣೆ ಕರ್ನಾಟಕದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ಠಾಣೆ) ಆಗಿದ್ದರೆ ಖುದ್ದಾಗಿ ಹೋಗುವುದೇ ಒಳ್ಳೆಯದು. ದೂರದ ರಾಜ್ಯವಾದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಚಿಕ್ಕ ಪತ್ರ ಸಾಕು. ಜೊತೆಗೆ ಆ ಜಮಾ ಇರುವ ಸಾಲಿಗೆ ಗುರುತು ಹಾಕಿದ ಸ್ಟೇಟ್‌ಮೆಂಟ್, ಬಿಲ್ಲು ಅಥವಾ ಬಾಡಿಗೆ ಕರಾರು, ಗಿರಾಕಿಯ ಜೊತೆಗಿನ ವಾಟ್ಸಾಪ್ ಮಾತು, ಅಂಗಡಿಯ ಲೈಸೆನ್ಸ್ ಇರಲಿ. ಆಧಾರ್‌ನ ಮೊದಲ ಎಂಟು ಅಂಕಿ ಮುಚ್ಚಿರಲಿ. ವಿವಾದಿತ ಮೊತ್ತವನ್ನು ತಡೆಹಿಡಿದೇ ಉಳಿದದ್ದನ್ನು ಬಿಡಿಸಿಕೊಡಿ ಎಂದು ಕೇಳಿದರೆ ಅಧಿಕಾರಿಗೂ ಒಪ್ಪುವುದು ಸುಲಭ. "ಇಷ್ಟು ಕೊಟ್ಟರೆ ನಾಳೆಯೇ ತೆಗೆಸುತ್ತೇವೆ" ಎಂದು ಫೋನ್ ಮಾಡುವವರಿಗೆ ಏನೂ ಕೊಡಬೇಡಿ. ದೂರುದಾರನೆಂದು ಹೇಳಿಕೊಂಡು ಕರೆ ಮಾಡಿದವನ ಖಾತೆಗೆ ನೇರವಾಗಿ ಹಣ ಹಾಕಲೂ ಬೇಡಿ. ಅವನು ಯಾರೆಂದು ನಿಮಗೆ ಗೊತ್ತಿಲ್ಲ, ಆ ವರ್ಗಾವಣೆ ಪೊಲೀಸರ ಕಡತದಲ್ಲಿ ಮರುಪಾವತಿಯೆಂದು ದಾಖಲಾಗುವುದೂ ಇಲ್ಲ.

ಉತ್ತರವೇ ಬರದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 106ರಡಿ ಆಸ್ತಿ ತಡೆಹಿಡಿದ ಪೊಲೀಸರು ಅದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಮಾಡಿದ್ದಾರೆಯೇ ಎಂದು ವಕೀಲರ ಮೂಲಕ ಕೇಳಿಸಿ, ಬಿಡುಗಡೆಗೆ ಕಲಂ 503ರಡಿ ಅರ್ಜಿ ಹಾಕಿಸಿ.

ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆದ ದೂರುಗಳು ತಿರಸ್ಕೃತವಾಗುವುದಕ್ಕೆ ಒಂದು ಕಾರಣವಿದೆ. ಕಾನೂನು ಜಾರಿ ಸಂಸ್ಥೆಯ ಆದೇಶವನ್ನು ಬ್ಯಾಂಕ್ ಪಾಲಿಸಿದ್ದರೆ ಆ ವಿಷಯ ಅವರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ "ಖಾತೆ ಫ್ರೀಜ್ ಮಾಡಿದ್ದಾರೆ" ಎಂದು ಬರೆಯಬೇಡಿ. "ಸೂಚನೆ ಇದ್ದದ್ದು 640 ರೂಪಾಯಿಗೆ, ಬ್ಯಾಂಕ್ ತಡೆದದ್ದು ಇಡೀ ಖಾತೆಯನ್ನು, ಇಂಥ ದಿನ ಲಿಖಿತವಾಗಿ ಕೇಳಿದರೂ ವಿವರ ಕೊಟ್ಟಿಲ್ಲ" ಎಂದು ಬರೆಯಿರಿ. ಆಗ ಅದು ಬ್ಯಾಂಕಿನ ಸೇವಾಲೋಪ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾದು, ಆಮೇಲೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಹಾಕಬೇಕು. ಮಾಹಿತಿಗೆ 14448 ಸಂಖ್ಯೆಯಿದೆ.

ಮುಂಜಾಗ್ರತೆಯ ಮಾತು ಕಡಿಮೆಯೇ. ಅಂಗಡಿಯ ಕ್ಯೂಆರ್ ಒಂದು ಖಾತೆಗೆ, ಮನೆಖರ್ಚು ಮತ್ತು ಇಎಂಐ ಬೇರೆ ಬ್ಯಾಂಕಿನ ಖಾತೆಗೆ ಇರಲಿ. ಆದರೆ ದಿನವೂ ಸಂಜೆ ಕ್ಯೂಆರ್ ಖಾತೆಯ ಹಣವನ್ನೆಲ್ಲ ಹೆಂಡತಿಯ ಖಾತೆಗೆ ಸಾಗಿಸಿದರೆ ರಕ್ಷಣೆ ಸಿಗದು, ಮುಂದಿನ ಲೇಯರ್ ಅವರೇ ಆಗುತ್ತಾರೆ. ಯುಎಸ್‌ಡಿಟಿಯಂಥ ಕ್ರಿಪ್ಟೊವನ್ನು ಪಿ2ಪಿಯಲ್ಲಿ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರವಾಗಿ, ಮಾರುವ ಹುಡುಗರು ಈ ಬಲೆಗೆ ಮತ್ತೆ ಮತ್ತೆ ಬೀಳುತ್ತಾರೆ: ಕೊಳ್ಳುವವನ ಹೆಸರು ಒಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು ಆಗಿದ್ದರೆ ಆ ವ್ಯವಹಾರ ಅಲ್ಲೇ ನಿಲ್ಲಲಿ.

ತಡೆ ತೆರವಾಯಿತೆಂಬ ಎಸ್‌ಎಂಎಸ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಒಂದೇ ಖಾತೆಯ ಮೇಲೆ ಬೇರೆ ಬೇರೆ ಠಾಣೆಗಳಿಂದ ಎರಡು ಮೂರು ದೂರು ಇರಬಹುದು. ಯಾವ ಲೀನೂ ಉಳಿದಿಲ್ಲವೆಂದು ಪತ್ರ ಪಡೆಯಿರಿ. ತಡೆಯ ಕಾಲದಲ್ಲಿ ಇಎಂಐ ತಪ್ಪಿದ್ದರೆ ಆ ಪತ್ರವನ್ನೇ ಸಾಲ ಕೊಟ್ಟ ಸಂಸ್ಥೆಗೆ ಕೊಟ್ಟು ಬೌನ್ಸ್ ಶುಲ್ಕ ಮನ್ನಾ ಮಾಡುವಂತೆ ಕೇಳಿ. ಒಂದೆರಡು ತಿಂಗಳ ಬಳಿಕ ಸಿಬಿಲ್ ವರದಿ ತೆಗೆದು, ಕಂತು ತಪ್ಪಿದ ದಾಖಲೆ ಅದರಲ್ಲಿದೆಯೇ ಎಂದು ನೋಡಿ.