ಹನ್ನೊಂದು ತಿಂಗಳ ಲೆಕ್ಕ

ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಗಾಜಿನ ಆಚೆ ಕೂತಿದ್ದ ಆಫೀಸರಮ್ಮ ನಮ್ಮವರ ಪಾಸ್‌ಪೋರ್ಟಿನ ಪುಟ ತಿರುವಿ, ಎರಡು ಸೀಲುಗಳ ಹತ್ತಿರ ಪೆನ್ನು ನಿಲ್ಲಿಸಿದರು. 2017ರ ಮೇ 27, ಬೆಂಗಳೂರಿನಿಂದ ಹೊರಟದ್ದು. 2018ರ ಏಪ್ರಿಲ್ 2, ವಾಪಸ್ ಬಂದದ್ದು. ಆಮೇಲೆ ಪುಟ್ಟನ ಜನನ ಪ್ರಮಾಣಪತ್ರ ನೋಡಿದರು. ಏಪ್ರಿಲ್ 21.

"ಮಧ್ಯದಲ್ಲಿ ಬಂದಿದ್ದಿರಾ?" ಅಂತ ಇವರನ್ನು ಕೇಳಿದರು. ಇಲ್ಲ. "ನೀವು ಅಲ್ಲಿಗೆ ಹೋಗಿದ್ದಿರಾ?" ಅಂತ ನನ್ನನ್ನು. ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಸೀಲೂ ಇರಲಿಲ್ಲ.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ಲೆಕ್ಕ ನಾನು ಮೊದಲೇ ಮಾಡಿಕೊಂಡಿದ್ದೆ. 329 ದಿನ. ಹೆಚ್ಚುಕಡಿಮೆ ಹನ್ನೊಂದು ತಿಂಗಳು.

ನಮ್ಮವರ ಊರು ತಿಪಟೂರಿನ ಹತ್ತಿರ. ಕೆಲಸ ನ್ಯೂಜೆರ್ಸಿಯಲ್ಲಿ. 2016ರಲ್ಲಿ ಅಲ್ಲಿನ ಪೌರತ್ವ ಸಿಕ್ಕಿತು. ನನಗೆ ಕೆಲಸ ಬಿಡಲು ಮನಸ್ಸಿರಲಿಲ್ಲ, ಹಾಗಾಗಿ ಇಲ್ಲೇ ಇದ್ದೆ. ಪುಟ್ಟ ಹುಟ್ಟಿದ ಮೇಲೆ, ಅಪ್ಪನ ಮೂಲಕ ಅವನಿಗೂ ಅಮೆರಿಕದ ಪೌರತ್ವ ಇದೆ ಅಂತ ದಾಖಲೆ ಮಾಡಿಸಿ ಪಾಸ್‌ಪೋರ್ಟ್ ತೆಗೆಯೋಣ ಅಂತ ಹೊರಟೆವು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಸಿಆರ್‌ಬಿಎ ಅಂತ ಒಂದು ಪತ್ರ ಕೊಡುತ್ತಾರೆ. ಆಗ ನಮ್ಮ ಕಡೆಯವರೆಲ್ಲ ಅದಕ್ಕೆ ಚೆನ್ನೈಗೇ ಹೋಗಬೇಕಿತ್ತು. ಅಪ್ಪ ಮಗು ಹುಟ್ಟುವ ಮುಂಚೆ ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲಿನದಾಗಿರಬೇಕು. ಇವರು ಓದಿದ ಕಾಲೇಜಿನ ಅಂಕಪಟ್ಟಿ, ಟ್ಯಾಕ್ಸ್ ಕಾಗದ ಎಲ್ಲ ಒಂದು ದಪ್ಪ ಫೈಲ್ ಮಾಡಿಕೊಂಡು ಬಂದಿದ್ದರು. ಅದರಲ್ಲಿ ಯಾವ ತಕರಾರೂ ಬರಲಿಲ್ಲ. ತಕರಾರು ಬಂದದ್ದು ಕ್ಯಾಲೆಂಡರಿನಲ್ಲಿ.

ವಿಷಯ ಇಷ್ಟೇ. ಪುಟ್ಟ ಐವಿಎಫ್ ಮಗು. ಇವರು ಆ ಮೇ ತಿಂಗಳು ರಜೆಗೆ ಬಂದಿದ್ದಾಗ ನನ್ನ ಅಂಡಾಣು ತೆಗೆದರು, ಲ್ಯಾಬಿನಲ್ಲಿ ಭ್ರೂಣ ಮಾಡಿದರು. ಇಂಜೆಕ್ಷನ್ನಿನಿಂದ ನನ್ನ ಹೊಟ್ಟೆ ಊದಿಕೊಂಡು ಉಸಿರಾಡಲೂ ಕಷ್ಟ ಆಗಿತ್ತು. ಅದಕ್ಕೆ ಡಾಕ್ಟರ್, "ಈಗ ಬೇಡ, ಫ್ರೀಜ್ ಮಾಡಿ ಇಡೋಣ" ಅಂದರು. ಲಿಕ್ವಿಡ್ ನೈಟ್ರೋಜನ್, ಮೈನಸ್ 196 ಡಿಗ್ರಿ. ಇವರು ವಾಪಸ್ ಹೋದರು. ಆಗಸ್ಟ್ 10ಕ್ಕೆ ನಾನೊಬ್ಬಳೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಭ್ರೂಣ ಹಾಕಿಸಿಕೊಂಡು ಬಂದೆ.

ಆಫೀಸರಮ್ಮನಿಗೆ ಇದನ್ನೆಲ್ಲ ಹೇಳಿದೆವು. ಕ್ಲಿನಿಕ್ಕಿನ ಪತ್ರ ಕೊಟ್ಟೆವು. ಆ ಪತ್ರದಲ್ಲಿ ಭ್ರೂಣ ಹಾಕಿದ ತಾರೀಖು ಮೇ ಅಂತ ಟೈಪ್ ಆಗಿತ್ತು! ಯಾರೋ ಎರಡು ತಾರೀಖು ಅದಲು ಬದಲು ಮಾಡಿಬಿಟ್ಟಿದ್ದರು. ನಾನು ಮಕ್ಕಳ ಉತ್ತರಪತ್ರಿಕೆಯಲ್ಲಿ ಕಾಲು ಮಾರ್ಕಿನ ತಪ್ಪು ಹುಡುಕುವವಳು, ಆ ಒಂದು ಹಾಳೆಯನ್ನು ಮಾತ್ರ ಸರಿಯಾಗಿ ಓದಿರಲಿಲ್ಲ.

ಮದುವೆ ಸರ್ಟಿಫಿಕೇಟ್ ಇತ್ತಲ್ಲ ಅಂತ ಕೇಳಬಹುದು. ಆಗಿನ ನಿಯಮದಲ್ಲಿ ಅದು ಸಾಲದು. ಪೌರತ್ವ ಅಪ್ಪನಿಂದ ಬರಬೇಕಾದರೆ ಮಗುವಿಗೂ ಅಪ್ಪನಿಗೂ ರಕ್ತಸಂಬಂಧ ಇರಬೇಕಿತ್ತು. ಆಫೀಸರಮ್ಮ ಮೆತ್ತಗೆ, ಡಿಎನ್‌ಎ ಟೆಸ್ಟ್ ಮಾಡಿಸಿದರೆ ಒಳ್ಳೆಯದು, ಬಲವಂತ ಏನಿಲ್ಲ ಅಂದರು. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೂ ಹೊರಗೆ ಬಂದು ಜೆಮಿನಿ ಫ್ಲೈಓವರ್ ಕೆಳಗೆ ನಿಂತಾಗ ನನಗೆ ಅಳು ಬಂತು. ಇವರು, "ಲೇ ಟೀಚರಮ್ಮ, ಸುಮ್ನೆ ಒಂದು ಕಡ್ಡಿ ಬಾಯಲ್ಲಿ ಆಡಿಸ್ತಾರೆ ಅಷ್ಟೇ ಕಣೇ" ಅಂದರು. ಅವರಿಗೆ ಅಷ್ಟೇ.

ನನ್ನ ಚಿಂತೆಯೇ ಬೇರೆ. ಐವಿಎಫ್ ವಿಷಯ ಅತ್ತೆಗೆ ಹೇಳಿರಲಿಲ್ಲ. ಊರಲ್ಲಿ ಒಬ್ಬರಿಗೆ ಗೊತ್ತಾದರೆ ಕೊಬ್ಬರಿ ಹರಾಜಿನ ರೇಟಿನ ಹಾಗೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ಅದಕ್ಕೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

ಸ್ಯಾಂಪಲ್ ಕೊಡುವ ದಿನ ಬಂದದ್ದು ಡಿಸೆಂಬರಿನಲ್ಲಿ. ಇವರು ಆಗಲೇ ಹೋಗಿ ನ್ಯೂಜೆರ್ಸಿಯಲ್ಲಿ ಕೊಟ್ಟಾಗಿತ್ತು. ಅಮೆರಿಕದ ಎಎಬಿಬಿ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬ್ ಮಾತ್ರ ನಡೆಯುತ್ತೆ. ಕಿಟ್ ಲ್ಯಾಬಿನಿಂದ ನೇರ ಕಾನ್ಸುಲೇಟಿಗೆ ಹೋಗುತ್ತೆ, ರಿಸಲ್ಟೂ ನೇರ ಅಲ್ಲಿಗೇ. ನಡುವೆ ನಮ್ಮ ಕೈಗೆ ಬರುವುದೇ ಇಲ್ಲ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಹಾಗೆ. ಮಗು ಎತ್ತಿಕೊಳ್ಳೋಕೆ ಅಂತ ಅತ್ತೆ ಜೊತೆಗೆ ಬಂದರು. ಒಳಗೆ ಅವರನ್ನು ಬಿಡುವುದಿಲ್ಲ. ನನ್ನ ಫೋನು, ಬ್ಯಾಗು ಎಲ್ಲ ಇಟ್ಟುಕೊಂಡು ರಸ್ತೆಯಲ್ಲೇ ಕಾದರು.

ಒಳಗೆ ಆದದ್ದು ಹತ್ತು ನಿಮಿಷದ ಕೆಲಸ. ಉದ್ದನೆ ಹತ್ತಿಕಡ್ಡಿ. ಕೆನ್ನೆಯ ಒಳಗೆ ಮೇಲೆ ಕೆಳಗೆ ಉಜ್ಜುತ್ತಾರೆ. ಆಗಷ್ಟೇ ಎರಡು ಹಲ್ಲು ಬಂದಿದ್ದ ಪುಟ್ಟ ಆ ಕಡ್ಡಿಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದುಬಿಟ್ಟ. ಉಜ್ಜುತ್ತಿದ್ದವರಿಗೂ ನಗು, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಿಬ್ಬಂದಿಗೂ ನಗು. ಬಲಕ್ಕೆ ಎರಡು, ಎಡಕ್ಕೆ ಎರಡು. ಕಡ್ಡಿಗಳನ್ನು ಕವರಿಗೆ ಹಾಕಿ ಅಂಟಿಸಿ ಸಹಿ ಹಾಕಿಸಿಕೊಂಡರು. ಪುಟ್ಟನ ಫೋಟೋ ತೆಗೆದರು. ನನ್ನ ಸ್ಯಾಂಪಲ್ಲೂ ಕೊಟ್ಟೆ. ಅಮ್ಮನದು ಸೇರಿದರೆ ಲೆಕ್ಕ ಗಟ್ಟಿಯಾಗುತ್ತೆ.

ಸಂಜೆ ಶತಾಬ್ದಿ ಹತ್ತಿದೆವು. ಕಾಟ್ಪಾಡಿ ದಾಟಿತ್ತು. ಪುಟ್ಟ ಅತ್ತೆಯ ಮಡಿಲಲ್ಲಿ ಮಲಗಿದ್ದ.

"ಅದ್ಯಾತಕ್ಕಮ್ಮ ಮಗೂಗೆ ಟೆಸ್ಟು? ಏನಾರ ಕಾಯಿಲೆನಾ?"

"ಕಾಯಿಲೆ ಅಲ್ಲ ಅತ್ತೆ. ಇವನು ನಿಮ್ಮ ಮಗನ ಮಗನೇ ಅಂತ ತೋರಿಸಬೇಕಂತೆ."

ಸೂಪಿಗೆ ಅದ್ದುತ್ತಿದ್ದ ಬ್ರೆಡ್ ಕಡ್ಡಿಯನ್ನು ಅತ್ತೆ ಟ್ರೇ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೂ ಲೆಕ್ಕ ಹಾಕಿದ್ರಾ?" ಅಂದರು.

ಅವರು ಅಲ್ಲ, ಅವರೂ.

ಸೀಮಂತದ ದಿನ ಅಡುಗೆಮನೆಯಲ್ಲಿ ಎದುರುಮನೆ ಅಕ್ಕ ಬೆರಳು ಮಡಿಸಿ ಎಣಿಸಿದರಂತೆ. "ನಿಮ್ಮ ಮಗ ಹೋಗಿದ್ದು ಯಾವಾಗ?" ಅಂತ. ಅತ್ತೆ ತಡಬಡಾಯಿಸದೆ, "ಆಗಸ್ಟಲ್ಲಿ ಬಂದಿದ್ದ ಕಣೆ. ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ, ಎರಡೇ ದಿನ. ಊರಿಗೆ ಬರಕ್ಕೆ ಆಗಲಿಲ್ಲ" ಅಂದರಂತೆ. ಅಷ್ಟಕ್ಕೇ ಬಿಟ್ಟಿಲ್ಲ. ಮಾರನೇ ದಿನ ತಿಪಟೂರಿನ ಬೇಕರಿಗೆ ಹೋಗಿ, ಬಣ್ಣದ ಕಾಗದ ಸುತ್ತಿದ ಚಾಕಲೇಟು ತಂದು, "ಅವನು ಆಗ ತಂದುಕೊಟ್ಟಿದ್ದು, ಮರೆತೇಹೋಗಿತ್ತು" ಅಂತ ಎದುರುಮನೆಗೆ ಕೊಟ್ಟು ಬಂದಿದ್ದಾರೆ.

ನನಗೆ ಏನು ಹೇಳಬೇಕೋ ತೋಚಲಿಲ್ಲ. "ನನ್ನನ್ನೇ ಕೇಳಬಹುದಿತ್ತಲ್ಲ ಅತ್ತೆ?" ಅಂದೆ.

"ಕೇಳಿ, ನೀನು ಏನಾರ ಹೇಳಿಬಿಟ್ಟಿದ್ರೆ?"

ಸೀಮಂತದಿಂದ ಆವತ್ತಿನವರೆಗೆ ಆ ಪ್ರಶ್ನೆ ನುಂಗಿಕೊಂಡೇ ನನಗೆ ಬಾಣಂತನ ಮಾಡಿದ್ದರು. ಎಣ್ಣೆ ತಿಕ್ಕಿ ಬಿಸಿನೀರು ಹುಯ್ದಿದ್ದರು. ಮೆಣಸಿನ ಸಾರು ಮಾಡಿ ಹಾಕಿದ್ದರು.

ಎಲ್ಲ ಹೇಳಿದೆ. ಇಂಜೆಕ್ಷನ್, ಲ್ಯಾಬು, ಫ್ರೀಜರು, ಒಬ್ಬಳೇ ಬಸ್ಸಿನಲ್ಲಿ ಹೋದದ್ದು. ಐವಿಎಫ್ ಅಂದಾಗ ಅವರಿಗೆ ದೊಡ್ಡ ಆಶ್ಚರ್ಯವೇನೂ ಆಗಲಿಲ್ಲ. ಟಿವಿಯಲ್ಲಿ ಜಾಹೀರಾತು ಬರುತ್ತಲ್ಲ. ಅವರಿಗೆ ಹಿಡಿಸದೇ ಹೋದದ್ದು ಒಂದೇ. "ಮೇಯಿಂದ ಆಗಸ್ಟ್ ತನಕ ಐಸಲ್ಲಿ ಇಟ್ಟಿದ್ರಾ? ಎಷ್ಟು ಚಳಿ ಅಂದೆ?" ಮೈನಸ್ 196 ಅಂದೆ. ಆ ಎಸಿ ಬೋಗಿಯಲ್ಲಿ ತಮ್ಮ ಶಾಲು ತೆಗೆದು, ಆಗಲೇ ಕುಲಾವಿ, ಸ್ವೆಟರ್ ಎಲ್ಲ ಹಾಕಿದ್ದ ಮಗುವಿಗೆ ಇನ್ನೊಂದು ಸುತ್ತು ಸುತ್ತಿದರು. ಇವತ್ತಿಗೂ ಅವನು ಒಂದು ಸೀನು ಸೀನಿದರೆ ಅತ್ತೆ ನನ್ನ ಮುಖ ನೋಡುತ್ತಾರೆ.

ರಿಸಲ್ಟ್ ಫೆಬ್ರವರಿಯಲ್ಲಿ ಬಂತು. ನಮಗೂ ಒಂದು ಪ್ರತಿ ಕಳಿಸಿದ್ದರು. ಅದನ್ನು ಎಷ್ಟು ಸಲ ಓದಿದ್ದೇನೋ. ಇಪ್ಪತ್ತಕ್ಕಿಂತ ಜಾಸ್ತಿ ಸಾಲು, ಸಾಲಿಗೊಂದು ಡಿಎನ್‌ಎ ಜಾಗ. ಪ್ರತಿ ಜಾಗದಲ್ಲೂ ಒಬ್ಬೊಬ್ಬರಿಗೆ ಎರಡೆರಡು ಅಂಕಿ. ಮಗುವಿನ ಎರಡರಲ್ಲಿ ಒಂದು ಅಮ್ಮನದಿರಬೇಕು, ಇನ್ನೊಂದು ಅಪ್ಪನದಿರಬೇಕು. ನನ್ನದನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕುತ್ತಾ ಹೋದೆ. ಉಳಿದದ್ದೆಲ್ಲ ಇವರ ಕಾಲಮ್ಮಿನಲ್ಲಿ ಕೂತಿತ್ತು. ಕೆಳಗೆ, ಇವರೇ ಅಪ್ಪ ಅನ್ನುವ ಸಾಧ್ಯತೆ ಶೇಕಡಾ 99.99ರ ಮೇಲೆ. ಕಾನ್ಸುಲೇಟಿನವರು ಕೇಳುವುದು 99.5, ಅಂದರೆ ಹೌದು ಅನ್ನಲಿಕ್ಕೆ 199 ಪಾಲು, ಅಲ್ಲ ಅನ್ನಲಿಕ್ಕೆ 1. ನನಗೆ ಮಜಾ ಅನಿಸಿದ್ದು ಇನ್ನೊಂದು ವಿಷಯ. ಈ ಲೆಕ್ಕ ಶುರುಮಾಡುವಾಗ, ಇವನೇ ಅಪ್ಪ ಅನ್ನುವುದಕ್ಕೆ ಮೊದಲೇ ಅರ್ಧ ಅಂತ ಇಟ್ಟುಕೊಳ್ಳುತ್ತಾರೆ. ಹೌದು ಅನ್ನಲಿಕ್ಕೆ ಅರ್ಧ, ಅಲ್ಲ ಅನ್ನಲಿಕ್ಕೆ ಅರ್ಧ. ಅಲ್ಲಿಂದ ಮುಂದೆ ಡಿಎನ್‌ಎ ಎಳೆದುಕೊಂಡು ಹೋಗುತ್ತೆ. ಅತ್ತೆಯ ಹತ್ತಿರ ಪಾಪ ಆ ಕಾಲಮ್ಮುಗಳು ಇರಲಿಲ್ಲ. ಬೇಕರಿ ಚಾಕಲೇಟು ಮಾತ್ರ ಇತ್ತು.

ಆಮೇಲೆ ಓದಿದಾಗ ಗೊತ್ತಾಯಿತು, ಡಿಎನ್‌ಎ ಪರೀಕ್ಷೆ ಮೊದಲು ಬಳಕೆಗೆ ಬಂದದ್ದೇ ಇಂಥ ಕೆಲಸಕ್ಕಂತೆ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಈ ವಿಧಾನ ಕಂಡುಹಿಡಿದರು. ಮಾರನೇ ವರ್ಷವೇ, ಘಾನಾದಿಂದ ವಾಪಸ್ ಬಂದ ಒಬ್ಬ ಹುಡುಗ ಬ್ರಿಟನ್ನಿನಲ್ಲಿದ್ದ ಅಮ್ಮನ ಮಗನೇ ಹೌದಾ ಅಂತ ಅಧಿಕಾರಿಗಳಿಗೆ ಅನುಮಾನ ಬಂದಾಗ, ಇದರಿಂದಲೇ ಬಗೆಹರಿಯಿತು. ಕೊಲೆಗಾರರನ್ನು ಹಿಡಿದದ್ದೆಲ್ಲ ಆಮೇಲೆ.

ಅಮೆರಿಕದವರು 2021ರ ಮೇನಲ್ಲಿ ನಿಯಮವನ್ನೇ ಬದಲಾಯಿಸಿದರು. ಗಂಡ ಹೆಂಡತಿಯಲ್ಲಿ ಒಬ್ಬರು ಅಲ್ಲಿನ ಪೌರರಾಗಿದ್ದು, ಇಬ್ಬರಲ್ಲಿ ಯಾರಾದರೂ ಒಬ್ಬರದು ರಕ್ತಸಂಬಂಧವೋ ಹೊತ್ತು ಹೆತ್ತ ಸಂಬಂಧವೋ ಇದ್ದರೆ ಸಾಕು. ಅಂದರೆ ಈಗಾಗಿದ್ದರೆ ನಾನು ಹೆತ್ತದ್ದೇ ಸಾಕಾಗುತ್ತಿತ್ತು. ಮೂರು ವರ್ಷ ಮುಂಚೆ ಹುಟ್ಟಿಬಿಟ್ಟ ನಮ್ಮ ಪುಟ್ಟ.

ಅವನ ಪಾಸ್‌ಪೋರ್ಟ್ ಬಂದ ಮೇಲೆ ಇವರು ರಜೆಗೆ ಊರಿಗೆ ಬಂದರು. ಚಪ್ಪಲಿ ಬಿಡುತ್ತಿದ್ದ ಹಾಗೇ ಎದುರುಮನೆ ಅಕ್ಕ ಬಂದು ಜಗಳಕ್ಕೆ ನಿಂತರು. "ಏನಪ್ಪಾ, ಆವತ್ತು ಆಗಸ್ಟಲ್ಲಿ ಬೆಂಗಳೂರಿನ ತನಕ ಬಂದು ಊರಿಗೆ ಬರದೇ ಹೋದೆಯಲ್ಲ, ನಾವೇನು ಅಷ್ಟು ದೂರದವರಾದ್ವಾ?"

ಇವರಿಗೆ ತಲೆಬುಡ ಗೊತ್ತಿಲ್ಲ. ಚಾಕಲೇಟಿನ ಕಥೆ ಹೇಳಲು ನನಗೆ ಮರೆತೇಹೋಗಿತ್ತು. ಬಾಗಿಲ ಹಿಂದಿನಿಂದ ಅತ್ತೆ ಕಣ್ಣು ದೊಡ್ಡದು ಮಾಡಿ ನೋಡಿದರು.

"ಟೈಮೇ ಸಿಗಲಿಲ್ಲ ಅಕ್ಕ" ಅಂದರು ಇವರು.

"ಚಾಕಲೇಟೇನೋ ಚೆನ್ನಾಗಿತ್ತು ಬಿಡು" ಅಂದರು ಆಕೆ.